ಗಾಜಿನಕ್ಕ ಹಾಸಿಗೆ ಹಿಡಿದದ್ದು

ಆ ಬೀದಿಯಲ್ಲಿ ಯಾರ ಮನೆಯ ಕಿಟಕಿ ಒಡೆದರೂ, ಯಾವ ಅಂಗಡಿಯ ಕನ್ನಡಿ ಸೀಳು ಬಿಟ್ಟರೂ ಜನರ ಬಾಯಿಗೆ ಮೊದಲು ಬರುತ್ತಿದ್ದ ಹೆಸರು ಗಾಜಿನಕ್ಕ. ಅಪ್ಪನಿಂದ ಬಂದ ಗಾಜಿನ ಅಂಗಡಿಯನ್ನು ಅವಳೂ ಅವಳ ತಮ್ಮನೂ ನಡೆಸುತ್ತಿದ್ದರು. ಗಾಜು ಕೊಯ್ಯುವುದು ಅಕ್ಕ. ಅಳತೆ ತರುವುದು, ಚೌಕಟ್ಟಿಗೆ ಕೂರಿಸುವುದು ತಮ್ಮ. ಹೊರುವುದು ಮಾತ್ರ ಇಬ್ಬರೂ ಸೇರಿ. ಆಳೆತ್ತರದ ಗಾಜನ್ನು ನಿಲ್ಲಿಸಿಕೊಂಡೇ ಒಯ್ಯಬೇಕು. ಮಲಗಿಸಿ ಒಯ್ದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ಈ ತುದಿಗೊಬ್ಬರು, ಆ ತುದಿಗೊಬ್ಬರು, ಹೆಜ್ಜೆಗೆ ಹೆಜ್ಜೆ ಕೂಡಬೇಕು. ಅಕ್ಕ ‘ಎತ್ತು’ ಅಂದರೆ ತಮ್ಮ ಎತ್ತುತ್ತಿದ್ದ, ‘ನಿಲ್ಲು’ ಅಂದರೆ ನಿಲ್ಲುತ್ತಿದ್ದ. ಯಾಕೆ ಅಂತ ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ಅವಳ ಬಾಯಿ ಜೋರು, ಕೈ ನಾಜೂಕು. ಗಂಡ ಲಾರಿ ಓಡಿಸುವವನು, ಮನೆಗಿಂತ ರಸ್ತೆಯ ಮೇಲೆ ಇದ್ದದ್ದೇ ಹೆಚ್ಚು. ಮನೆಯಲ್ಲಿ ಅತ್ತೆ, ಸೊಸೆ ಮತ್ತು ಅತ್ತೆ ಮುದ್ದು ಮಾಡಿ ಕೆಡಿಸಿದ ಒಂದು ಬೆಕ್ಕು. ಗಾಜಿನಕ್ಕನಿಗೆ ಊಟಕ್ಕೆ ಹೊತ್ತುಗೊತ್ತು ಇರಲಿಲ್ಲ. ಕೆಲಸ ಮುಗಿದರೆ ತಿಂದಳು, ಮುಗಿಯದಿದ್ದರೆ ಚಹಾ ಕುಡಿದು ಹೊಟ್ಟೆಗೆ ಸಮಾಧಾನ ಹೇಳಿದಳು. ಜ್ವರ ಬಂದರೂ ಅಂಗಡಿಯ ಬಾಗಿಲು ಮುಚ್ಚಿದವಳಲ್ಲ.

ಹಾಗಾಗಿ ಒಂದು ಬೆಳಗ್ಗೆ ಹೊಕ್ಕುಳ ಸುತ್ತ ನೋವು ಕಾಣಿಸಿಕೊಂಡಾಗ ಅವಳು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ವಾಯು ಇರಬೇಕು ಅಂದುಕೊಂಡು ಬಿಸಿನೀರು ಕುಡಿದಳು. ಮಧ್ಯಾಹ್ನ ವಾಂತಿಯಾಯಿತು. ಬಾಯಿ ತೊಳೆದುಕೊಂಡು ಬಂದು ಮತ್ತೆ ಮೇಜಿನ ಮುಂದೆ ನಿಂತಳು.

“ಅಕ್ಕ, ಯಾಕೆ ಬಗ್ಗಿ ನಡೀತಿದೀಯ?” ಅಂದ ತಮ್ಮ.

“ಬೆನ್ನು ಹಿಡ್ಕೊಂಡಿದೆ. ನೀನು ಆ ಕಡೆ ಟೇಪು ಹಿಡಿ.”

ಮರುದಿನ ನೋವು ಜಾಗ ಬದಲಿಸಿ ಬಲಗಡೆ ಕೆಳಹೊಟ್ಟೆಗೆ ಇಳಿಯಿತು. ಬಲಗಾಲು ಎತ್ತಿ ಇಟ್ಟಾಗಲೆಲ್ಲ ಒಳಗೆ ಯಾರೋ ದಾರ ಹಾಕಿ ಜಗ್ಗಿದ ಹಾಗೆ. ಕೆಮ್ಮು ಬಂದರೆ ಕಣ್ಣಿಗೆ ಕತ್ತಲೆ. ಆದರೂ ಒಂದು ದೊಡ್ಡ ಕನ್ನಡಿ ಅವತ್ತೇ ಕೊಯ್ದು ಕೊಡಬೇಕಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನೋವು ಇದ್ದಕ್ಕಿದ್ದಂತೆ ಇಳಿಯಿತು. ಗೆದ್ದೆ ಅಂದುಕೊಂಡಳು. ನೆಟ್ಟಗೆ ನಿಂತು, ಕೊಯ್ಯುವ ಕಡ್ಡಿಯ ತುದಿಯ ಪುಟ್ಟ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಳತೆಪಟ್ಟಿಯ ಅಂಚಿಗೆ ಹಿಡಿದು ಎಳೆದಳು. ಅರ್ಧ ಗೆರೆ ಮುಗಿಯುವಷ್ಟರಲ್ಲಿ ಇಡೀ ಹೊಟ್ಟೆಗೆ ಬೆಂಕಿ ಇಟ್ಟಂತಾಯಿತು. ಕೈ ಜಾರಿತು. ಗೆರೆ ಸೊಟ್ಟಗಾಯಿತು.

ತಮ್ಮ ಬಂದು ನೋಡಿದ. ಅಕ್ಕನ ಮುಖ ನೋಡುವ ಮೊದಲೇ ಅವನು ನೋಡಿದ್ದು ಆ ಗೆರೆ. ಅವಳ ಕೈಯಿಂದ ಸೊಟ್ಟ ಗೆರೆ ಬಂದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅಂಗಡಿಯ ಬಾಗಿಲು ಎಳೆದ. ಅವಳು ಬೇಡ ಬೇಡ ಅನ್ನುತ್ತಿದ್ದರೂ ಭುಜ ಹಿಡಿದು ಬಾಡಿಗೆ ಕಾರಿಗೆ ಹತ್ತಿಸಿದ.

“ಅಪೆಂಡಿಕ್ಸ್ ಒಳಗೇ ಒಡೆದಿದೆ,” ಅಂದರು ಡಾಕ್ಟರು. “ನಿನ್ನೆಯೇ ಬಂದಿದ್ರೆ ಸಣ್ಣ ತೂತಲ್ಲಿ ಮುಗೀತಿತ್ತು. ಈಗ ಹೊಟ್ಟೆ ತೆರೀಬೇಕು. ಕಾಯೋ ಹಾಗಿಲ್ಲ.”

ಆಪರೇಷನ್ ಆಯಿತು. ಎಚ್ಚರವಾದಾಗ ಅವಳ ಪಕ್ಕೆಯಿಂದ ಒಂದು ನಳಿಕೆ ಹೊರಟಿತ್ತು, ಮೂಗಿನಲ್ಲಿ ಇನ್ನೊಂದು, ಕೈಗೆ ಮತ್ತೊಂದು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನೀರು ಕೇಳಿದಳು. ನರ್ಸಮ್ಮ ಒದ್ದೆ ಹತ್ತಿಯಿಂದ ತುಟಿ ಒರೆಸಿದರು, ಅಷ್ಟೆ.

“ಕರುಳು ಮಲಗಿದೆ ಅಮ್ಮ. ಅದು ಏಳೋ ತನಕ ಒಂದು ಗುಟುಕೂ ಇಲ್ಲ. ಗಾಳಿ ಹೋದ ತಕ್ಷಣ ನನಗೆ ಹೇಳಿ.”

ಯಾವ ಗಾಳಿ ಎಂದು ತಮ್ಮ ಕೇಳಬೇಕೆನ್ನುವಷ್ಟರಲ್ಲಿ ಅವನಿಗೇ ಹೊಳೆಯಿತು. ಕಿಟಕಿಯ ಕಡೆ ತಿರುಗಿ ಅಲ್ಲಿದ್ದ ಗಾಜಿನ ದಪ್ಪ ಎಷ್ಟಿರಬಹುದೆಂದು ನೋಡತೊಡಗಿದ.

ಮೊದಲು ಅದು ತಮಾಷೆಯಾಗಿತ್ತು. ಆಮೇಲೆ ತಮಾಷೆ ಉಳಿಯಲಿಲ್ಲ. ಬೆಳಗ್ಗೆ ಕೇಳಿದರು, ಇಲ್ಲ. ಸಂಜೆ ಕೇಳಿದರು, ಇಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತ ಬಂತು. ಡಾಕ್ಟರು ಬಂದು ಸ್ಟೆತಾಸ್ಕೋಪು ಹೊಟ್ಟೆಯ ಮೇಲಿಟ್ಟು ತುಂಬ ಹೊತ್ತು ಕೇಳಿಸಿಕೊಂಡರು. ನರ್ಸಮ್ಮನ ಕಡೆ ನೋಡಿ, ಹೊರಗೆ ಹೋದರು. ಆ ನೋಟ ಗಾಜಿನಕ್ಕನಿಗೆ ಹಿಡಿಸಲಿಲ್ಲ. ಅವಳೂ ಗಾಜನ್ನು ತಟ್ಟಿ ಕಿವಿಗೊಟ್ಟು ಒಳಗಿನ ಬಿರುಕು ಪತ್ತೆ ಮಾಡುವವಳೇ. ಇರಬೇಕಾದ ಸದ್ದು ಇಲ್ಲದಿದ್ದಾಗ ಮುಖ ಹೇಗಾಗುತ್ತದೆಂದು ಅವಳಿಗೆ ಗೊತ್ತಿತ್ತು.

“ಎದ್ದು ನಡೀರಿ. ನಡೆದ್ರೇನೆ ಅದು ಏಳೋದು,” ಅಂದರು ನರ್ಸಮ್ಮ. ಹೊಟ್ಟೆಗೆ ದಿಂಬು ಒತ್ತಿಕೊಂಡು, ಅತ್ತೆಯ ತೋಳು ಹಿಡಿದು, ಮಂಚದಿಂದ ಬಾಗಿಲಿಗೆ, ಬಾಗಿಲಿನಿಂದ ಮಂಚಕ್ಕೆ ನಡೆದಳು. ಒಂದೊಂದು ಹೆಜ್ಜೆಗೂ ಹೊಲಿಗೆ ಕಿತ್ತು ಬರುತ್ತದೇನೋ ಅನ್ನಿಸುತ್ತಿತ್ತು. ಅತ್ತೆ ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದರು, ಅದೂ ಇಡೀ ವಾರ್ಡಿಗೆ ಕೇಳುವ ಹಾಗೆ: “ಏನೇ, ಹೋಯ್ತಾ?”

ಕೊನೆಗೆ ಒಂದು ಬೆಳಗ್ಗೆ, ನಡೆದು ಬಂದು ಮಂಚದ ಅಂಚಿಗೆ ಕೂತಾಗ, ಹೋಯಿತು. ಗಾಜಿನಕ್ಕನ ಕಣ್ಣಲ್ಲಿ ನೀರು ಬಂತು. ಅತ್ತೆ ವರಾಂಡಕ್ಕೆ ಓಡಿ “ಸಿಸ್ಟರ್, ಹೋಯ್ತಂತೆ” ಎಂದು ಕೂಗಿದರು. ಪಕ್ಕದ ಮಂಚದ ಮುದುಕಿ, ಮಗಳಿಗೆ ಹೆರಿಗೆ ಸುಸೂತ್ರವಾಯಿತು ಅನ್ನುವವಳಂತೆ, ಕೈಯೆತ್ತಿ ಮುಗಿದಳು. ಅವತ್ತು ಒಂದು ಚಮಚ ನೀರು ಸಿಕ್ಕಿತು. ಮರುದಿನ ಗಂಜಿಯ ತಿಳಿ. ಆಮೇಲೆ ಗಂಜಿ.

ಮನೆಗೆ ಕಳಿಸುವಾಗ ನರ್ಸಮ್ಮ ಅತ್ತೆಯನ್ನೂ ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಸ್ವಲ್ಪ ಸ್ವಲ್ಪ, ಆಗಾಗ ತಿನ್ನಬೇಕು. ಮೆತ್ತಗೆ ಬೇಯಿಸಿದ್ದು ತಿನ್ನಬೇಕು, ಕರಿದದ್ದು ಖಾರದ್ದು ಬೇಡ. ನೀರು ಕುಡಿಯುತ್ತಲೇ ಇರಬೇಕು. ಕೆಮ್ಮುವಾಗ, ನಗುವಾಗ ದಿಂಬು ಒತ್ತಿಕೊಳ್ಳಬೇಕು. ಜ್ವರ ಬಂದರೆ, ಗಾಯ ಕೆಂಪಾದರೆ, ಕೆಟ್ಟ ವಾಸನೆ ಬಂದರೆ ಓಡಿ ಬರಬೇಕು. ಭಾರ ಅನ್ನುವ ಮಾತನ್ನು ಡಾಕ್ಟರು ಹೇಳುವ ತನಕ ಮರೆತುಬಿಡಬೇಕು.

“ತುಂಬಿದ ಬಕೆಟ್ಟೂ ಎತ್ತೋ ಹಾಗಿಲ್ಲ,” ಅಂದರು.

“ಬಕೆಟ್ಟು ನಾನೆತ್ತೋಲ್ಲ,” ಅಂದಳು ಗಾಜಿನಕ್ಕ. ಗಾಜಿನ ಬಗ್ಗೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಶುರುವಾದದ್ದು ಬೇರೆಯೇ ಕಾಟ. ನೋವಿನ ಮಾತ್ರೆ ನೋವನ್ನು ತಡೆಯುತ್ತಿತ್ತು, ಜೊತೆಗೆ ಹೊಟ್ಟೆಯನ್ನೂ ಕಟ್ಟಿಹಾಕಿತ್ತು. ಮೊದಲ ಸಲ ಪಾಯಿಖಾನೆಗೆ ಹೋಗಿ ಕೂತು ತಿಣುಕಿದಾಗ ಗಾಯದ ಜಾಗದಲ್ಲಿ ಸುರ್ರೆಂದು ಏನೋ ಎಳೆಯಿತು. ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡದ್ದು ಗೆರೆ ಎಳೆದ ಗಾಜು. ಗೆರೆಯ ಎರಡೂ ಕಡೆ ಸ್ವಲ್ಪ ಒತ್ತಿದರೆ ಸಾಕು, ಟಕ್ಕೆಂದು ಎರಡಾಗುತ್ತದೆ. ತನ್ನ ಹೊಟ್ಟೆಯ ಮೇಲೂ ಈಗ ಅಂಥದೊಂದು ಗೆರೆ. ಬೆವೆತು, ಗೋಡೆ ಹಿಡಿದು, ಆಗಬೇಕಾದದ್ದು ಆಗದೆಯೇ ಎದ್ದು ಬಂದಳು.

ಅವತ್ತಿನಿಂದ ಅವಳು ತನ್ನದೇ ಒಂದು ಉಪಾಯ ಹೂಡಿದಳು. ತಿಂದರೆ ತಾನೆ ಹೋಗಬೇಕು? ತಿನ್ನದಿದ್ದರಾಯಿತು. ಅತ್ತೆ ಬಟ್ಟಲಲ್ಲಿ ಗಂಜಿ ತಂದಿಟ್ಟು ಅಡುಗೆಮನೆಗೆ ಹೋದ ಕೂಡಲೆ ಎರಡು ಚಮಚ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಬೆಕ್ಕಿನ ಮುಂದೆ ಸರಿಸುತ್ತಿದ್ದಳು. ಬೇಯಿಸಿದ ಮೊಟ್ಟೆ, ಹಿಸುಕಿದ ತರಕಾರಿ, ಮೊಸರು, ಎಲ್ಲಕ್ಕೂ ಅದೇ ಗತಿ. ಎದ್ದು ಹೋಗುವ ಕಷ್ಟ ಬೇಡವೆಂದು ನೀರನ್ನೂ ಕಡಿಮೆ ಮಾಡಿದಳು. ಖಾಲಿ ಬಟ್ಟಲು ಕಂಡು ಅತ್ತೆಗೆ ಸಂತೋಷ. “ಈಗ ನೋಡು, ಹೇಗೆ ತಿಂತಿದೀಯ. ಕೆಲಸ ಕೆಲಸ ಅಂತ ಸಾಯ್ತಿದ್ದೆ,” ಅನ್ನುತ್ತಿದ್ದರು. ಬೆಕ್ಕು ಮಂಚ ಬಿಟ್ಟು ಕದಲುತ್ತಿರಲಿಲ್ಲ.

ಎದ್ದರೆ ತಲೆ ತಿರುಗತೊಡಗಿತು. ಕೈಯ ಬಳೆ ಸಡಿಲವಾಯಿತು. ಗಂಡ ದೂರದಿಂದ ಫೋನು ಮಾಡಿ “ಹೇಗಿದೀಯ?” ಅಂದರೆ “ಕಲ್ಲುಗುಂಡಿನ ಹಾಗಿದೀನಿ” ಅನ್ನುತ್ತಿದ್ದಳು. ಪ್ರತಿ ಬೆಳಗ್ಗೆ ಪಾಯಿಖಾನೆಯ ಬಾಗಿಲ ತನಕ ಹೋಗಿ ವಾಪಸು ಬರುತ್ತಿದ್ದಳು. ತನ್ನ ಎತ್ತರದ ಎರಡರಷ್ಟು ಗಾಜನ್ನು ಏಣಿಯ ಮೇಲೆ ಹೊತ್ತವಳು ತಾನು, ಇಷ್ಟಕ್ಕೆ ಹೆದರುತ್ತಿದ್ದೇನೆಂದು ಯಾರಿಗೆ ಹೇಳುವುದು? ಹೇಗೆ ಹೇಳುವುದು?

ಅಷ್ಟರಲ್ಲಿ ತಮ್ಮ ಒಂದು ಬೆಳಗ್ಗೆ ಬಂದ. ಕೂತವನು ಕೂರಲಾರದೆ ಚಡಪಡಿಸಿದ.

“ಬಟ್ಟೆ ಅಂಗಡಿಯವರ ಮುಂಬಾಗಿಲ ಗಾಜು ಇವತ್ತು ಕೂರಿಸಬೇಕು ಅಕ್ಕ. ಗಾಜು ಕಾರ್ಖಾನೆಯಿಂದಲೇ ಅಳತೆಗೆ ಸರಿಯಾಗಿ ಬಂದಿದೆ. ಹೊರೋಕೆ ಮೀಸೆಯವನ್ನ ಕರೆದಿದೀನಿ.”

ಮೀಸೆಯವನು ಎಂದರೆ ಬೀರು, ಸೋಫಾ, ಮಂಚ ಹೊತ್ತು ಮನೆ ಬದಲಿಸಿಕೊಡುವವನು. ಒಬ್ಬನೇ ಬೀರು ಬೆನ್ನಿಗೇರಿಸಿಕೊಂಡು ಮಹಡಿ ಹತ್ತುವ ಆಳು.

“ಅವನಿಗೆ ಬಲ ಇದೆ ಕಣೋ. ಗಾಜು ಗೊತ್ತಿಲ್ಲ.”

“ಗೊತ್ತು. ಬೇರೆ ಯಾರಿದಾರೆ ಹೇಳು.”

ಅವನು ಹೋದ. ಅತ್ತೆಯೂ ಚೀಲ ಹಿಡಿದು ತರಕಾರಿಗೆಂದು ಹೊರಟರು. ಗಾಜಿನಕ್ಕ ಒಂದಿಷ್ಟು ಹೊತ್ತು ಸೂರು ನೋಡುತ್ತ ಮಲಗಿದಳು. ಬಟ್ಟೆ ಅಂಗಡಿಯ ಮುಂದಿನ ನುಣುಪು ಕಲ್ಲಿನ ಮೆಟ್ಟಿಲು ಕಣ್ಣ ಮುಂದೆ ಬಂತು. ಅಲ್ಲಿ ಮೇಲಿನವನು ಹೆಜ್ಜೆ ತಪ್ಪಿದರೆ ಭಾರವೆಲ್ಲ ಕೆಳಗಿನವನ ಮೇಲೆ. ಕೆಳಗಿರುವವನು ತಮ್ಮ. ಇನ್ನು ಮಲಗಲಾಗಲಿಲ್ಲ. ಹೊಟ್ಟೆಗೆ ಪಟ್ಟಿ ಬಿಗಿದುಕೊಂಡು, ಗೋಡೆ ಸವರುತ್ತ ಬೀದಿಗಿಳಿದಳು. ನೋಡಿ ಬರುತ್ತೇನೆ, ಬಾಯಲ್ಲಿ ಹೇಳುತ್ತೇನೆ, ಕೈ ಹಾಕುವುದಿಲ್ಲ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು.

ಅವಳು ತಲುಪಿದಾಗ ಗಾಜು ಆಗಲೇ ಗಾಡಿಯಿಂದ ಇಳಿದು ಮೆಟ್ಟಿಲ ಬುಡಕ್ಕೆ ಬಂದಿತ್ತು. ಮೀಸೆಯವನು ಮೇಲೆ, ತಮ್ಮ ಕೆಳಗೆ. ತಮ್ಮನ ಕಣ್ಣೆಲ್ಲ ಅಂಚಿನ ಮೇಲೆ, ಅಕ್ಕ ಬಂದದ್ದು ಅವನಿಗೆ ಕಾಣಲಿಲ್ಲ. ಅವಳು ಅಲ್ಲೇ ಪಕ್ಕಕ್ಕೆ ನಿಂತಳು. ಈಗ ಕರೆದರೆ ಅವನ ಗಮನ ತಪ್ಪೀತು.

ಮೀಸೆಯವನು ಬೀರು ಎತ್ತುವ ಹಾಗೆ ಎತ್ತಿದ, ಎದೆ ಹಿಂದಕ್ಕೆ ಬಾಗಿಸಿ, ಗಾಜನ್ನು ತನ್ನ ಕಡೆಗೆ ಎಳೆದುಕೊಂಡು. ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ ಮೊದಲ ಮೆಟ್ಟಿಲು ಹತ್ತಿದ. ಎರಡನೆಯದಕ್ಕೆ ಅವನ ಹಿಮ್ಮಡಿ ಅಂಚಿಗೆ ತಾಗಿ ಜಾರಿತು. ಅವನು ಬೀಳಲಿಲ್ಲ, ಆದರೆ ಗಾಜು ಓಲಿತು. ಮೇಲಿನ ಅಂಚು ನಿಧಾನವಾಗಿ ತಮ್ಮನ ಭುಜದ ಕಡೆ ಬಾಗತೊಡಗಿತು. ತಮ್ಮ ಎರಡು ಅಂಗೈಯನ್ನೂ ಗಾಜಿಗೆ ಕೊಟ್ಟು, ಕಾಲು ಊರಿ, ತಡೆಯಲು ನೋಡಿದ. ಅವನ ಕುತ್ತಿಗೆಯ ನರ ಉಬ್ಬಿತು.

ಗಾಜಿನಕ್ಕನ ಕೈ ತಾನಾಗಿ ಮೇಲೆದ್ದಿತ್ತು. ಒಂದೇ ಹೆಜ್ಜೆ ಮುಂದಿಟ್ಟರೆ ಅಂಚು ಕೈಗೆ ಸಿಗುತ್ತಿತ್ತು. ಎಷ್ಟು ಸಲ ಹೀಗೆ ಹಿಡಿದಿಲ್ಲ? ಆ ಹೆಜ್ಜೆ ಇಡಹೋದಾಗ ಹೊಟ್ಟೆಯ ಗೆರೆ ಚುರುಕ್ಕೆಂದಿತು. ದಿನಗಟ್ಟಲೆ ಎರಡೆರಡು ಚಮಚದ ಮೇಲೆ ಇದ್ದ ಮೈ ಅದು. ತಾನು ಹಿಡಿದರೂ ನಿಲ್ಲುವುದಿಲ್ಲ ಎಂದು ಅವಳಿಗೆ ಆ ಕ್ಷಣ ಖಚಿತವಾಯಿತು. ತಾನೂ ಬೀಳುತ್ತೇನೆ, ಗಾಜು ಇಬ್ಬರ ಮೇಲೂ ಬೀಳುತ್ತದೆ.

“ಬಿಡೋ,” ಎಂದು ಕೂಗಿದಳು. “ಬಿಟ್ಟು ಹಿಂದೆ ಸರಿ.”

ಆ ಮಾತನ್ನು ಅವಳ ಬಾಯಿಂದ ಅವನು ಎಂದೂ ಕೇಳಿರಲಿಲ್ಲ. ಆದರೆ ಅಕ್ಕನ ದನಿಗೆ ಅವನ ಮೈ ಮೊದಲು ಕಿವಿಗೊಡುತ್ತಿತ್ತು, ತಲೆ ಆಮೇಲೆ. ಕೈ ಬಿಟ್ಟು ಹಿಂದಕ್ಕೆ ನೆಗೆದ. ಗಾಜು ಅವನು ನಿಂತಿದ್ದ ಜಾಗದ ಮೇಲೆ ಬಂದು ಬಿತ್ತು. ಸದ್ದಿಗೆ ಬೀದಿಯ ಎರಡೂ ಕಡೆಯ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ರಸ್ತೆಯ ಮೇಲೆಲ್ಲ ಚೂರು ಮಿನುಗಿತು. ತಮ್ಮನ ಬೂಟಿನ ಚರ್ಮಕ್ಕೆ ಒಂದು ತುಂಡು ಚುಚ್ಚಿಕೊಂಡು ನಿಂತಿತ್ತು. ಅದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ. ಮೀಸೆಯವನು ಮೆಟ್ಟಿಲ ಮೇಲೆ ಕುಸಿದು, ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

“ಅಕ್ಕ, ನೀನು ಇಲ್ಲಿ ಏನು ಮಾಡ್ತಿದೀಯ?” ಅಂದ ತಮ್ಮ. ಅಷ್ಟರಲ್ಲಿ ಅವನ ಕಣ್ಣು ಅವಳ ಸೊಂಟದ ಕಡೆ ಹೋಯಿತು. ಬಟ್ಟೆಯ ಮೇಲೆ, ಗಾಯದ ಜಾಗದಲ್ಲಿ, ಒದ್ದೆ ಹರಡುತ್ತಿತ್ತು.

ತಮ್ಮ ಬಾಡಿಗೆ ಕಾರು ಹಿಡಿದು ಅವಳನ್ನು ಆಸ್ಪತ್ರೆಗೆ ಒಯ್ದ. ದಾರಿಯುದ್ದಕ್ಕೂ ಅವಳು ಆ ಒದ್ದೆಯ ಮೇಲೆ ಅಂಗೈ ಒತ್ತಿಕೊಂಡಿದ್ದಳು. ಒಳಗಿನ ಕರುಳೇ ಕೈಗೆ ಸಿಗುತ್ತದೇನೋ ಎಂಬ ಭಯಕ್ಕೆ ಕೈ ತೆಗೆಯಲೂ ಧೈರ್ಯವಿರಲಿಲ್ಲ. ಯಾರೋ ಸುದ್ದಿ ಮುಟ್ಟಿಸಿ, ಅತ್ತೆ ತರಕಾರಿ ಚೀಲದ ಸಮೇತ ಅಲ್ಲಿಗೇ ಬಂದರು.

ನರ್ಸಮ್ಮ ಪಟ್ಟಿ ಬಿಚ್ಚಿದರು. ಡಾಕ್ಟರು ಬಗ್ಗಿ ನೋಡಿ, ಗಾಯದ ಸುತ್ತ ಬೆರಳಿಂದ ಒತ್ತಿದರು. ಒತ್ತಿದಲ್ಲೆಲ್ಲ ತಿಳಿಗೆಂಪು ನೀರು ಜಿನುಗಿತು. ವಾಸನೆ ನೋಡಿದರು. ಕೆಮ್ಮಿ ಅಂದರು, ಅವಳು ಹೆದರುತ್ತ ಕೆಮ್ಮಿದಳು. ಮತ್ತೆ ಒತ್ತಿದರು. ಗೋಡೆಗೆ ಒರಗಿ ನಿಂತಿದ್ದ ತಮ್ಮ ಕಣ್ಣು ಮುಚ್ಚಿಕೊಂಡಿದ್ದ.

“ಹೊಲಿಗೆ ಗಟ್ಟಿಯಾಗೇ ಇದೆ,” ಅಂದರು ಡಾಕ್ಟರು. “ಚರ್ಮದ ಕೆಳಗೆ ನಿಂತಿದ್ದ ನೀರು ಹೊರಗೆ ಬಂದಿದೆ. ಕೀವಿಲ್ಲ. ಪುಣ್ಯಕ್ಕೆ ಏನನ್ನೂ ಎತ್ತಿಲ್ಲ ನೀವು. ಆದರೆ ಗಾಯ ಈ ಹೊತ್ತಿಗೆ ಇನ್ನೂ ಚೆನ್ನಾಗಿ ಕೂಡಬೇಕಿತ್ತು.”

ನರ್ಸಮ್ಮ ಅವಳ ಬಿ.ಪಿ. ನೋಡಿದರು, ನಾಲಿಗೆ ನೋಡಿದರು, ಕೈಯ ಚರ್ಮ ಚಿವುಟಿ ನೋಡಿದರು. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಆಮೇಲೆ ಕುರ್ಚಿ ಎಳೆದು ಎದುರಿಗೆ ಕೂತರು.

“ಇವತ್ತು ಏನು ತಿಂದ್ರಿ?”

“ಬೆಳಗ್ಗೆ ಗಂಜಿ, ಆಮೇಲೆ ಮೊಟ್ಟೆ, ನಿನ್ನೆ ರಾತ್ರಿ ಹಿಸುಕಿದ ತರಕಾರಿ, ಒಂದು ಬಟ್ಟಲು ಮೊಸರು...” ಅತ್ತೆ ಶುರು ಮಾಡಿದರು.

“ನಾನು ಇವರನ್ನ ಕೇಳಿದ್ದು.”

ಗಾಜಿನಕ್ಕ ನೆಲ ನೋಡಿದಳು. ತಮ್ಮನನ್ನು ಹೊರಗೆ ಕಳಿಸಿ ಅಂದಳು. ಅವನು ಬಾಗಿಲು ಎಳೆದುಕೊಂಡು ಹೋದ.

“ಎರಡು ಚಮಚ,” ಅಂದಳು ಕೊನೆಗೆ. “ಉಳಿದದ್ದು ಬೆಕ್ಕಿಗೆ.”

ಅತ್ತೆಯ ಮುಖ ಸಣ್ಣದಾಯಿತು. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. “ನನ್ನ ಕೈಯಡುಗೆ ಅಷ್ಟು ಕೆಟ್ಟದಾಗಿತ್ತಾ?”

“ಅಡುಗೆ ಅಲ್ಲ ಅತ್ತೆ.”

“ಮತ್ತೆ?”

“ಹೋಗೋಕೆ ಭಯ. ತಿಣುಕಿದ್ರೆ ಹೊಟ್ಟೆ ಒಡೆದುಹೋಗತ್ತೆ ಅಂತ.” ಹೇಳಿ ಮುಖ ಮುಚ್ಚಿಕೊಂಡಳು. ಆಪರೇಷನ್ನಿಗೆ ಮುಂಚೆಯೂ ಅಳದವಳು ಈಗ ಬಿಕ್ಕಿದಳು. ಬಿಕ್ಕಿದರೆ ನೋಯುತ್ತಿತ್ತು, ನೋವಿಗೆ ಇನ್ನಷ್ಟು ಅಳು ಬರುತ್ತಿತ್ತು. ನರ್ಸಮ್ಮ ದಿಂಬೊಂದನ್ನು ಅವಳ ಹೊಟ್ಟೆಗೆ ಕೊಟ್ಟರು.

ಅತ್ತೆ ಚೀಲ ಕೆಳಗಿಟ್ಟು ಹತ್ತಿರ ಬಂದರು. “ನನಗೊಂದು ಮಾತು ಹೇಳೋಕಾಗ್ಲಿಲ್ವೇನೇ?”

“ನಾಚಿಕೆ ಆಯ್ತು.”

“ಇಡೀ ವಾರ್ಡಿಗೆ ನಿನ್ನ ಗಾಳಿ ವಿಷಯ ನಾನೇ ಡಂಗುರ ಹೊಡೆದು ಬಂದಿದೀನಿ. ಇನ್ನು ಯಾವ ನಾಚಿಕೆ ಬಾಕಿ ಇತ್ತು?”

ಗಾಜಿನಕ್ಕ ಅಳುತ್ತಲೇ ನಕ್ಕಳು. ನಗು ಅಳುವಿಗಿಂತ ಹೆಚ್ಚು ನೋಯಿಸಿತು.

ನರ್ಸಮ್ಮ ಬೈಯಲಿಲ್ಲ. ತಿಣುಕುವುದೇ ಬೇಡ, ಅಂದರು. ನೀರು ಕುಡಿಯದೆ, ತಿನ್ನದೆ ಇದ್ದದ್ದಕ್ಕೇ ಹೊಟ್ಟೆ ಇನ್ನಷ್ಟು ಕಟ್ಟಿರುವುದು. ಮೆತ್ತಗಾಗಿಸುವ ಔಷಧ ಕೊಡುತ್ತೇನೆ. ಹಣ್ಣಾದ ಪಪ್ಪಾಯಿ, ಬೆಂದ ತರಕಾರಿ, ಓಟ್ಸು, ಬಿಸಿನೀರು. ಕೂತಾಗ ಪಾದದ ಕೆಳಗೆ ಒಂದು ಗಿಡ್ಡ ಮಣೆ ಇಟ್ಟುಕೊಳ್ಳಿ, ಉಸಿರು ಬಿಡುತ್ತ ಇರಿ, ಅದು ತಾನಾಗಿ ಬರಲಿ. ಮೊಟ್ಟೆ, ಬೇಳೆ, ಮೊಸರು ಬಿಡಬೇಡಿ, ಗಾಯ ಕೂಡುವುದು ಅದರಿಂದಲೇ. ನೋವಿನ ಮಾತ್ರೆ ಎಷ್ಟು ಕಡಿಮೆ ಮಾಡಬಹುದೆಂದು ಡಾಕ್ಟರನ್ನು ಕೇಳಿ ಬಂದು ಹೇಳಿದರು.

ಭಯ ಒಂದೇ ದಿನಕ್ಕೆ ಹೋಗಲಿಲ್ಲ. ಅತ್ತೆ ಈಗ ಬಟ್ಟಲು ಇಟ್ಟು ಹೋಗುತ್ತಿರಲಿಲ್ಲ, ಖಾಲಿಯಾಗುವ ತನಕ ಎದುರಿಗೇ ಕೂರುತ್ತಿದ್ದರು. ಬೆಕ್ಕನ್ನು ಹೊರಗೆ ಹಾಕಿ ಬಾಗಿಲು ಮುಚ್ಚುತ್ತಿದ್ದರು. ಅದು ಕಿಟಕಿಯ ಮೇಲೆ ಕೂತು, ಮೋಸ ಹೋದ ಪಾಲುದಾರನ ಹಾಗೆ, ಒಳಗೆ ನೋಡುತ್ತಿತ್ತು. ತಿಂದದ್ದು ಹೊಟ್ಟೆಯಲ್ಲಿ ಕೂಡುತ್ತಿದ್ದಂತೆ ಗಾಜಿನಕ್ಕನಿಗೆ ಒಳಗೊಳಗೇ ದಿಗಿಲು. ಒಂದು ಬೆಳಗ್ಗೆ ಹೊಟ್ಟೆ ಗುಳುಗುಟ್ಟಿತು. ಅತ್ತೆಯ ಮುಖ ನೋಡಿದಳು. ಅತ್ತೆ ಮಣೆ ಎತ್ತಿಕೊಂಡು ಮುಂದೆ ನಡೆದರು. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತ ಕೂತರು.

ಒಳಗೆ ಸದ್ದಿಲ್ಲ. ಅತ್ತೆ ಬಿಡಿಸಿದ ಸೊಪ್ಪನ್ನೇ ಮತ್ತೆ ಬಿಡಿಸಿದರು.

“ಉಸಿರು ಬಿಡು,” ಅಂದರು ಬಾಗಿಲಿಗೆ.

“ಬಿಡ್ತಿದೀನಿ.”

“ತಿಣುಕಬೇಡ.”

“ಇಲ್ಲ ಅತ್ತೆ. ನೀವು ಸ್ವಲ್ಪ ಸುಮ್ಮನಿರಿ.”

ಇನ್ನೂ ಸ್ವಲ್ಪ ಹೊತ್ತು ಹೋಯಿತು. ಆಮೇಲೆ ನೀರು ಸುರಿದ ಸದ್ದು ಕೇಳಿತು. ಬಾಗಿಲು ತೆರೆದಾಗ ಗಾಜಿನಕ್ಕ ಬೆವೆತಿದ್ದಳು, ಒಂದು ಕೈ ಇನ್ನೂ ಹೊಟ್ಟೆಯ ಮೇಲಿತ್ತು. ಗಾಯ ಇದ್ದ ಹಾಗೇ ಇತ್ತು. “ಹಸಿವಾಗ್ತಿದೆ,” ಅಂದಳು. ಅತ್ತೆ ಸೊಪ್ಪನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದರು.

ಬಟ್ಟೆ ಅಂಗಡಿಯವರು ಒಂದಿಷ್ಟು ಕೂಗಾಡಿ, ಆಮೇಲೆ ತಮ್ಮನ ಬೂಟು ಕಂಡು ಸುಮ್ಮನಾಗಿದ್ದರು. ಈ ಸಲ ಗಾಜಿನ ದೊಡ್ಡ ಹಾಳೆ ತರಿಸಿ ಅಂಗಡಿಯಲ್ಲೇ ಅಳತೆಗೆ ಕೊಯ್ಯಬೇಕಾಯಿತು. ಕೊಯ್ದವನು ತಮ್ಮ. ಅಕ್ಕ ಕುರ್ಚಿಯಲ್ಲಿ ಕೂತು ಚಕ್ರ ಹರಿಯುವ ಸದ್ದಿನಿಂದಲೇ ಅವನ ಗೆರೆ ಪರೀಕ್ಷಿಸಿದಳು. ಮಧ್ಯೆ ಎಲ್ಲೂ ಬಾಯಿ ಹಾಕಲಿಲ್ಲ. ಅದು ಅವಳಿಗೆ ಗಂಜಿ ಕುಡಿಯುವುದಕ್ಕಿಂತ ಕಷ್ಟವಾಯಿತು.

ಡಾಕ್ಟರು ಇನ್ನು ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತಬಹುದೆಂದ ಮೇಲೆ ಅವಳು ಅಂಗಡಿಗೆ ಬಂದ ದಿನ, ತಮ್ಮ ಒಂದು ಬಾಗಿಲ ಗಾಜಿನ ಪಕ್ಕ ನಿಂತು “ಎತ್ತೋಣ್ವಾ ಅಕ್ಕ?” ಅಂದ. ಅವಳು ಚರ್ಮದ ಕೈಗವಸು ಹಾಕಿಕೊಂಡಳು. ಅಂಚಿಗೆ ಕೈ ಕೊಟ್ಟು, ಮಂಡಿ ಬಗ್ಗಿಸಿ, ಭಾರ ತೂಗಿ ನೋಡಿದಳು. ಗಾಯದ ಜಾಗದಲ್ಲಿ ಸಣ್ಣಗೆ ಏನೋ ಬಿಗಿಯಿತು. ಹಿಂದಿನ ಗಾಜಿನಕ್ಕ ಆಗಿದ್ದರೆ ಹಲ್ಲು ಕಚ್ಚಿ ಎತ್ತುತ್ತಿದ್ದಳು. ಅವಳು ಕೈ ತೆಗೆದಳು, ಗವಸು ಬಿಚ್ಚಿ ಬಾಗಿಲಲ್ಲಿ ನಿಂತಿದ್ದ ಮೀಸೆಯವನಿಗೆ ಕೊಟ್ಟಳು.

“ಈ ತುದಿ ನೀವು ಹಿಡೀರಿ. ಎಳ್ಕೋಬೇಡಿ, ನೆಟ್ಟಗೆ ಇಟ್ಕೊಳ್ಳಿ. ನಾನು ಹೇಳಿದಾಗ ಹೆಜ್ಜೆ.”

ಅವರು ಎತ್ತಿದರು. ಅವಳು ಮುಂದೆ ನಡೆದು, ಅಡ್ಡ ಬಂದ ಸೈಕಲ್ಲಿನವನನ್ನು ಬದಿಗೆ ಸರಿಸಿ ದಾರಿ ಮಾಡಿಕೊಟ್ಟಳು. ಅವಳು ತಾನೇ ಮೊದಲ ಸಲ ಗಾಜು ಎತ್ತಿದ್ದು ಇನ್ನೂ ಎಷ್ಟೋ ದಿನ ಬಿಟ್ಟು. ಯಾರದೋ ಬಚ್ಚಲುಮನೆಯ ಕಿಟಕಿಗೆಂದು ಕೊಯ್ದ, ಎರಡು ಅಂಗೈ ಅಗಲದ ಮಂಜುಗಾಜು. ಅದನ್ನು ಬೆಳಕಿಗೆ ಹಿಡಿದು ನೋಡಿ, ಕಾಗದ ಸುತ್ತಿ ಬದಿಗಿಟ್ಟಳು. ಮಧ್ಯಾಹ್ನವಾಗಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದು ಊಟಕ್ಕೆ ಹೊರಟಳು.